ಮಕ್ಕಳ ಮನೆಯ ಮಿಷನರಿಗೂ ಅಲ್ಲಿನ ಊರಿನ ಸಿಬ್ಬಂದಿಗೂ ನಡುವೆ ಸ್ನೇಹ ಸಾಧ್ಯವೇ?

ಮಂಜೇಶ್ವರದ ಅಧ್ಯಾಪಿಕೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಕ್ರೈಸ್ತ ಸಭೆಯ ಪರವಾಗಿ ಪಶ್ಚಿಮ ಕೆನ್ಯಾದ ಒಂದು ಮಕ್ಕಳ ಮನೆಗೆ ಎರಡು ವರ್ಷದ ಕೆಲಸಕ್ಕೆ ಹೋಗುತ್ತಿದ್ದಾಳೆ. ಭಿನ್ನಸಾಮರ್ಥ್ಯದ ಮಕ್ಕಳಿಗೆ ಕಲಿಸುವ ತರಬೇತಿ ಅವಳಿಗಿದೆ. ಅಲ್ಲಿ ಈಗ ಯುರೋಪಿನ ಇಬ್ಬರು ಮಿಷನರಿಗಳಿದ್ದಾರೆ. ಮಕ್ಕಳನ್ನು ಹಗಲಿರುಳು ನೋಡಿಕೊಳ್ಳುವ ಹೌಸ್ ಮದರ್‌ಗಳು, ಅಡುಗೆಯವರು, ಕಾವಲುಗಾರರು, ಡ್ರೈವರ್ ಎಲ್ಲರೂ ಆ ಊರಿನವರೇ.

ಹೊರಡುವವರಿಗೆಂದು ಕೊಟ್ಟ ಸೂಚನೆಗಳ ಹಾಳೆಯಲ್ಲಿ, ಸಿಬ್ಬಂದಿಯೊಡನೆ ಪ್ರೀತಿಯಿಂದ ಇರಬೇಕು, ಆದರೆ ಅಂತರ ಕಾಯ್ದುಕೊಳ್ಳಬೇಕು, ಸಾಲ ಕೊಡಬಾರದು, ಅವರ ಮನೆಗಳಿಗೆ ಹೋಗುವುದನ್ನು ರೂಢಿ ಮಾಡಿಕೊಳ್ಳಬಾರದು ಎಂದು ಬರೆದಿದೆ. ತಂಗಿ ಇದನ್ನು ಓದಿ ಕಳವಳಗೊಂಡಿದ್ದಾಳೆ. ಒಂದೇ ಮಗುವನ್ನು ಇಬ್ಬರು ಸೇರಿ ಬೆಳೆಸುವಾಗ ನಡುವೆ ಅಂತರ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳುತ್ತಾಳೆ. ನನ್ನ ಪ್ರಶ್ನೆ ಸ್ವಲ್ಪ ಬೇರೆ. ಒಬ್ಬರು ಸಂಬಳ ಕೊಡುವವರು, ಇನ್ನೊಬ್ಬರು ಸಹಿ ಹಾಕಿ ಪಡೆಯುವವರು ಆಗಿರುವಾಗ, ಅವರ ನಡುವೆ ಇರುವುದನ್ನು ಸ್ನೇಹವೆಂದು ಕರೆಯಬಹುದೇ? ಅಂಥ ಕಡೆ ದುಡಿದವರು, ಇಲ್ಲವೇ ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಬೇಕು.

ಬದಿಯಡ್ಕದ ನಿವೃತ್ತ ನರ್ಸ್

ಟೀಚರ್, ನಾನು ವಿಕ್ಟೋರಿಯಾ ಸರೋವರದ ಕಡೆಯ ಒಂದು ಮಕ್ಕಳ ಮನೆಯಲ್ಲಿ ಹಲವು ವರ್ಷ ನರ್ಸ್ ಆಗಿ ಇದ್ದವಳು. ಸ್ನೇಹ ಸಾಧ್ಯ ಎಂದು ಧೈರ್ಯದಿಂದ ಹೇಳುತ್ತೇನೆ. ಆದರೆ ಅದು ಒಳ್ಳೆಯ ಮನಸ್ಸಿನಿಂದಷ್ಟೇ ಆಗುವುದಿಲ್ಲ. ಮಿಷನರಿಯು ಯಾವುದಾದರೂ ಒಂದು ವಿಷಯದಲ್ಲಿ ಸ್ಥಳೀಯರ ಕೈಕೆಳಗೆ ನಿಜವಾಗಿ ಕಲಿಯುವವಳಾಗಬೇಕು, ಕಲಿತದ್ದಕ್ಕೆ ಸಂಸ್ಥೆಯ ಕಾಗದಪತ್ರಗಳಲ್ಲಿ ಜಾಗ ಸಿಗಬೇಕು. ನಾನು ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ.

ನಮ್ಮಲ್ಲಿ ರಾತ್ರಿ ಪಾಳಿಯ ಹೌಸ್ ಮದರ್ ಒಬ್ಬರಿದ್ದರು, ನನಗಿಂತ ವಯಸ್ಸಿನಲ್ಲಿ ಹಿರಿಯರು. ಅವರ ಬಳಿ ಶಾಲೆಯ ಮಕ್ಕಳು ಬಳಸುವಂಥ ನೀಲಿ ರಟ್ಟಿನ ಒಂದು ನೋಟುಪುಸ್ತಕವಿತ್ತು. ಯಾವ ಮಗು ಹಾಸಿಗೆ ಒದ್ದೆ ಮಾಡಿತು, ಯಾವುದು ನಿದ್ದೆಗಣ್ಣಿನಲ್ಲಿ ಅಮ್ಮನನ್ನು ಕರೆಯಿತು, ಯಾವ ಮಗು ಯಾರ ಪಕ್ಕದಲ್ಲಿ ಮಲಗಿದರೆ ಬೆಳಗಿನವರೆಗೆ ಏಳುವುದಿಲ್ಲ ಎಂಬುದನ್ನೆಲ್ಲ ಅವರು ಸ್ವಾಹಿಲಿಯಲ್ಲಿ, ನಡುನಡುವೆ ತಮ್ಮ ಮನೆಮಾತಾದ ಲುವೋದಲ್ಲಿ ಅದರಲ್ಲಿ ಬರೆದಿಡುತ್ತಿದ್ದರು. ಕಚೇರಿಯ ಇಂಗ್ಲಿಷ್ ಕಡತಗಳಲ್ಲಿ ತೂಕ, ಎತ್ತರ, ಲಸಿಕೆಯ ದಿನಾಂಕ ಇದ್ದವು. ಈ ಯಾವ ಸಂಗತಿಯೂ ಇರಲಿಲ್ಲ.

ಹೊಸದಾಗಿ ಬಂದ ಒಬ್ಬ ಹುಡುಗ ರಾತ್ರಿ ಊಟದಲ್ಲಿ ಕೊಟ್ಟ ಉಗಾಲಿಯನ್ನು, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು, ಚೂರು ಮುರಿದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮಲಗುತ್ತಿದ್ದ. ಇರುವೆ ಬರುತ್ತದೆ, ಕಳ್ಳತನದ ಚಟ ಹತ್ತುತ್ತದೆ ಎಂದು ನಮ್ಮಲ್ಲಿ ಕೆಲವರು ಅದನ್ನು ಕಿತ್ತುಕೊಳ್ಳಲು ಹೊರಟರು. ಆ ಹೌಸ್ ಮದರ್ ತಡೆದರು. ಬೆಳಿಗ್ಗೆ ಗಂಜಿ ಇದ್ದೇ ಇರುತ್ತದೆಂಬ ನಂಬಿಕೆ ಅವನಿಗೆ ಬಂದ ದಿನ ತಾನಾಗಿ ಬಿಡುತ್ತಾನೆ, ಅಲ್ಲಿಯವರೆಗೆ ಜೇಬು ತೊಳೆದರೆ ಸಾಕು ಎಂದರು. ಹಾಗೆಯೇ ಆಯಿತು. ಅವನು ಯಾವ ರಾತ್ರಿ ಎಷ್ಟು ಇಟ್ಟುಕೊಂಡ, ಯಾವಾಗ ಕಡಿಮೆಯಾಯಿತು, ಯಾವಾಗ ನಿಂತಿತು ಎಂಬುದೂ ಆ ಪುಸ್ತಕದಲ್ಲಿತ್ತು.

ಆ ಪುಸ್ತಕ ಓದಲೆಂದೇ ನಾನು ಅವರಲ್ಲಿ ಭಾಷೆ ಕಲಿಯಲು ಕುಳಿತೆ. ಮಕ್ಕಳು ಮಲಗಿದ ಮೇಲೆ, ಮಲೇರಿಯಾ ಜ್ವರದ ಮಗುವಿನ ಪಕ್ಕದಲ್ಲಿ ಇಬ್ಬರೂ ಎಚ್ಚರವಿರಬೇಕಾದ ರಾತ್ರಿಗಳಲ್ಲಿ, ಅವರು ಓದಿ ಹೇಳುತ್ತಿದ್ದರು, ನಾನು ಕೇಳಿ ಬರೆದುಕೊಳ್ಳುತ್ತಿದ್ದೆ. ಜ್ವರಕ್ಕೆ ಔಷಧದ ಪ್ರಮಾಣ ನಿರ್ಧರಿಸುವವಳು ನಾನು. ಆ ಮಗುವಿನ ಅಳು ಜ್ವರದ್ದೋ ಹೆದರಿಕೆಯದ್ದೋ ಎಂದು ಹೇಳಬಲ್ಲವರು ಅವರು. ಕೆಲವು ಕಾಲದ ಮೇಲೆ ಅವರ ಬರಹವನ್ನು ಮಗುವಿನ ಅಧಿಕೃತ ಕಡತಕ್ಕೆ ಸೇರಿಸಬೇಕು, ತಿಂಗಳ ಸಭೆಯಲ್ಲಿ ಅವರೂ ಕುಳಿತು ಮಾತನಾಡಬೇಕು, ಆ ಹೆಚ್ಚಿನ ಕೆಲಸಕ್ಕೆ ಭತ್ಯೆ ಸಿಗಬೇಕು ಎಂದು ನಾವಿಬ್ಬರೂ ಕೇಳಿದೆವು, ಸಿಕ್ಕಿತು. ನಮ್ಮ ನಡುವೆ ಸಂಕೋಚವಿಲ್ಲದ ಮಾತು ಶುರುವಾದದ್ದು ಅದಾದ ಮೇಲೆ. ಅವರ ಮನೆಗೆ ಹೋಗಿ, ಒಣಗಿಸಿದ ಒಮೆನಾ ಮೀನಿನ ಸಾರು ಉಂಡು, ಮೊಮ್ಮಕ್ಕಳನ್ನು ಎತ್ತಿಕೊಂಡದ್ದೂ ಆಮೇಲೆಯೇ. ಮನೆಗೆ ಹೋಗಬಾರದೆಂಬ ಸೂಚನೆ ನನಗೆ ಸರಿ ಕಾಣುವುದಿಲ್ಲ. ಕರೆಯದೆ ಹೋಗಬಾರದು, ಕರೆದಾಗ ತಪ್ಪಿಸಬಾರದು.

ಆದೂರಿನ ಓದುಗ

ನರ್ಸ್ ಅವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಸಂಗತಿಯನ್ನು ಯಾರೂ ಎತ್ತದಿರುವುದರಿಂದ ನಾನೇ ಕೇಳುತ್ತೇನೆ. ಯಾರನ್ನೂ ನೋಯಿಸುವ ಉದ್ದೇಶ ಇಲ್ಲ. ಮಿಷನರಿ ಎಂದ ಮೇಲೆ ಧರ್ಮಪ್ರಸಾರದ ಗುರಿಯೂ ಇರುತ್ತದೆ. ಕೆಲಸ, ಸಂಬಳ, ಮಕ್ಕಳ ಶಾಲಾ ಶುಲ್ಕಕ್ಕೆ ನೆರವು ಎಲ್ಲವೂ ಒಂದೇ ಕೈಯಿಂದ ಬರುವಾಗ, ಆ ಕೈಯವರ ಪ್ರಾರ್ಥನೆಗೆ ಬರುವುದಿಲ್ಲ ಎನ್ನುವ ಧೈರ್ಯ ಒಬ್ಬ ಅಡುಗೆಯವಳಿಗೆ ಇರುತ್ತದೆಯೇ? ಬಾರದಿದ್ದರೂ ಸ್ನೇಹ ಹಾಗೆಯೇ ಉಳಿಯುತ್ತದೆಯೇ?

ಬದಿಯಡ್ಕದ ನಿವೃತ್ತ ನರ್ಸ್

ನ್ಯಾಯವಾದ ಪ್ರಶ್ನೆ. ನಾನು ನಂಬಿಕೆಯಿಂದಲೇ ಆ ಕೆಲಸಕ್ಕೆ ಹೋದವಳು, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಕಾವಲಿನವರಲ್ಲಿ ಒಬ್ಬರು ಮುಸಲ್ಮಾನರು. ಬೆಳಗಿನ ಪ್ರಾರ್ಥನೆಗೆ ಬರುವುದು ಕೆಲಸದ ಷರತ್ತಲ್ಲ ಎಂದು ನೇಮಕದ ಪತ್ರದಲ್ಲೇ ಬರೆದಿತ್ತು, ರಂಜಾನ್ ತಿಂಗಳಲ್ಲಿ ಅವರ ಪಾಳಿಯ ಹೊತ್ತನ್ನು ಬದಲಾಯಿಸಿಕೊಡುವುದೂ ನಡೆದಿತ್ತು. ಬರಹದಲ್ಲಿ ಇಲ್ಲದಿದ್ದರೆ ಆ ಧೈರ್ಯ ಬರುವುದಿಲ್ಲ ಎಂಬ ನಿಮ್ಮ ಅನುಮಾನ ಸರಿಯಾದದ್ದು. ಟೀಚರ್, ತಂಗಿಯವರು ಹೋಗುವ ಮೊದಲೇ ಇದನ್ನು ಆ ಸಂಸ್ಥೆಗೆ ಬರೆದು ಕೇಳಲಿ.

ಹೊಸೂರಿನಿಂದ

ನಾನು ಇದನ್ನು ಇನ್ನೊಂದು ಬದಿಯಿಂದ ಬರೆಯುತ್ತಿದ್ದೇನೆ. ನನ್ನ ತಾಯಿ ನಮ್ಮ ಊರಿನ ಹತ್ತಿರ ವಿದೇಶೀಯರು ನಡೆಸುತ್ತಿದ್ದ ಒಂದು ಮಕ್ಕಳ ಮನೆಯಲ್ಲಿ ಅಡುಗೆ ಮಾಡಿ ನಮ್ಮನ್ನು ಸಾಕಿದವರು. ನಿಮ್ಮೆಲ್ಲರಿಗೆ ಅದು ಹೊರದೇಶದ ಪ್ರಶ್ನೆ. ನಮಗೆ ಅವರೇ ಹೊರದೇಶದವರು, ನಾವು 'ಸ್ಥಳೀಯ ಸಿಬ್ಬಂದಿ'.

ಅಲ್ಲಿ ಒಬ್ಬ ವಿದೇಶೀ ಮಹಿಳೆ ಇದ್ದರು. ಚಳಿಗಾಲದಲ್ಲಿ ಅವರೆಕಾಯಿಯ ಮೂಟೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಅಮ್ಮನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು ಕಾಳು ಬಿಡಿಸುತ್ತಿದ್ದರು. ನೆನೆದ ಕಾಳನ್ನು ಹಿತುಕಲು ಅಮ್ಮನೇ ಕಲಿಸಿದರು. ಅಮ್ಮನೊಡನೆ ಕನ್ನಡದಲ್ಲೂ ಹೊರಗಿನವರೊಡನೆ ತಮಿಳಿನಲ್ಲೂ ಮಾತನಾಡಲು ಅವರು ಕಷ್ಟಪಟ್ಟು ಕಲಿತಿದ್ದರು. ಅಮ್ಮ ಅವರನ್ನು ಮನಸಾರೆ ಇಷ್ಟಪಟ್ಟರು. ನನ್ನ ಅಕ್ಕನ ಮದುವೆಯಲ್ಲಿ ಅವರು ನಮ್ಮ ಮನೆಯವರಂತೆ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಅದೇ ಅಮ್ಮ ಅವರಿಗೆ ಒಂದು ಸಲವೂ 'ಆಗುವುದಿಲ್ಲ' ಎಂದು ಹೇಳಲಿಲ್ಲ. ಯುಗಾದಿಯ ದಿನ ಅತಿಥಿಗಳು ಬರುತ್ತಾರೆ, ಬರಬಹುದೇ ಎಂದು ಅವರು ನಗುತ್ತಲೇ ಕೇಳುವರು; ಅಮ್ಮ ನಗುತ್ತಲೇ ಹೋಗುವರು; ನಾವು ಹಬ್ಬದ ಹೋಳಿಗೆಯನ್ನು ಸಂಜೆ ಆರಿದ ಮೇಲೆ ತಿನ್ನುವೆವು. ಕೇಳಿದವರಿಗೆ ಅದು ಗೆಳತಿಯಲ್ಲಿ ಕೇಳಿದ ಉಪಕಾರ. ಅಮ್ಮನಿಗೆ ಅದು ಕೆಲಸ ಕೊಟ್ಟವರ ಮಾತು. ಆ ಮಹಿಳೆ ಕೆಟ್ಟವರಾಗಿರಲಿಲ್ಲ, ಅವರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗುವಂಥ ವ್ಯವಸ್ಥೆಯೂ ಅಲ್ಲಿರಲಿಲ್ಲ. ರಜೆಯ ಪಟ್ಟಿ ಗೋಡೆಯ ಮೇಲೆ ಇದ್ದಿದ್ದರೆ, ಹಬ್ಬದ ದಿನ ದುಡಿದವರಿಗೆ ಬದಲಿ ರಜೆ ಎಂಬ ನಿಯಮ ಇದ್ದಿದ್ದರೆ, ಅಮ್ಮ ಅವರ ಪ್ರೀತಿಯನ್ನು ಕಳೆದುಕೊಳ್ಳುವ ಭಯವಿಲ್ಲದೆ ಮನೆಯಲ್ಲಿ ಉಳಿಯಬಹುದಿತ್ತು.

ಇನ್ನೊಂದು. ಆ ಮಹಿಳೆ ತಮ್ಮ ದೇಶಕ್ಕೆ ಮರಳುವಾಗ, ನಿಮ್ಮ ಮುಪ್ಪಿನ ಕಾಲಕ್ಕೆ ಸಂಸ್ಥೆ ನೋಡಿಕೊಳ್ಳುತ್ತದೆ ಎಂದು ಅಮ್ಮನಿಗೆ ಬಾಯಿಮಾತಿನಲ್ಲಿ ಹೇಳಿದ್ದರು. ಮನಸ್ಸಿನಿಂದಲೇ ಹೇಳಿದ್ದರು. ಮುಂದೆ ಬಂದವರಿಗೆ ಆ ಮಾತು ಯಾವ ಕಡತದಲ್ಲೂ ಸಿಗಲಿಲ್ಲ. ಭವಿಷ್ಯ ನಿಧಿ ಇರಲಿಲ್ಲ, ನೇಮಕದ ಪತ್ರವೂ ಇರಲಿಲ್ಲ. ಆ ಮಹಿಳೆಯ ಕಾಗದಗಳು ವರ್ಷಗಳ ಕಾಲ ಬರುತ್ತಿದ್ದವು, ಅಮ್ಮ ಅವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಔಷಧದ ಖರ್ಚು ನಮ್ಮದಾಗಿತ್ತು. ಅವರ ಸ್ನೇಹ ಸುಳ್ಳೆಂದು ನಾನು ಎಂದೂ ಹೇಳಲಾರೆ. ಮಂಜೇಶ್ವರದ ಟೀಚರಿಗೆ ನನ್ನ ಉತ್ತರ ಇಷ್ಟೇ: ಸಂಬಳ, ರಜೆ, ಮುಪ್ಪಿನ ಭದ್ರತೆಗಳನ್ನು ಸ್ನೇಹದ ಕೈಗೆ ಬಿಡಬೇಡಿ, ಅವನ್ನು ಹಕ್ಕಾಗಿ ಬರೆದುಕೊಡಿ, ಆಗ ಸ್ನೇಹ ತನ್ನ ಪಾಡಿಗೆ ಸುಖವಾಗಿ ಇರುತ್ತದೆ.

ಮಂಜೇಶ್ವರದ ಅಧ್ಯಾಪಿಕೆ

ಹೊಸೂರಿನವರೇ, ನಿಮ್ಮ ಬರಹವನ್ನು ತಂಗಿಗೆ ಓದಿ ಹೇಳಿದೆ. ನಿಮ್ಮ ತಾಯಿಯವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸಿ.

ಕುಂಬಳೆಯ ಚರಿತ್ರೆ ಮಾಸ್ತರ

ಹಿಂದಿನವರು ಇದನ್ನು ಹೇಗೆ ನಡೆಸಿದರು ಎಂಬುದನ್ನೂ ನೋಡುವುದು ಒಳ್ಳೆಯದು, ಏಕೆಂದರೆ ನಮ್ಮ ನೆಲದಲ್ಲೇ ಇದರ ದೊಡ್ಡ ಅನುಭವವಿದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗರಿಗೂ ಮಂಗಳೂರಿನ ಆನಂದರಾವ್ ಕೌಂಡಿನ್ಯರಿಗೂ ಇದ್ದ ನಂಟು ಪ್ರಸಿದ್ಧ. ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದರು, ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಮಿಷನರಿಯಾಗಿಯೇ ಮರಳಿದರು. ಮುಂದೆ ಕೊಡಗಿನ ಆನಂದಪುರದ ನೆಲೆಯನ್ನು ಇಬ್ಬರೂ ಸೇರಿ ಕಟ್ಟಿದರು. ಸಹಾಯಕನಾಗಿ ಉಳಿಸದೆ, ತನಗೆ ಇದ್ದ ಶಿಕ್ಷಣವನ್ನೂ ಹುದ್ದೆಯನ್ನೂ ಗೆಳೆಯನಿಗೂ ದೊರಕಿಸಿದ್ದರಿಂದ ಆ ಸ್ನೇಹಕ್ಕೆ ಗಟ್ಟಿತನ ಬಂತು ಎಂದು ನಾನು ತಿಳಿಯುತ್ತೇನೆ. ಕೌಂಡಿನ್ಯರು ತಮ್ಮ ಮನೆಯವರನ್ನೂ ಸಮಾಜವನ್ನೂ ಕಳೆದುಕೊಳ್ಳಬೇಕಾಯಿತು ಎಂಬುದನ್ನು ಮರೆಯಬಾರದು. ಬೆಲೆ ತೆತ್ತವರು ಹೆಚ್ಚಾಗಿ ಸ್ಥಳೀಯರೇ.

ಮಕ್ಕಳ ಮನೆಯ ಮಟ್ಟಿಗೆ ಹೇಳುವುದಾದರೆ ತಿರುನೆಲ್ವೇಲಿಯ ದೋಹನಾವೂರು ನೆನಪಿಗೆ ಬರುತ್ತದೆ. ಐರ್ಲೆಂಡಿನ ಏಮಿ ಕಾರ್ಮೈಕಲ್ 1895ರಲ್ಲಿ ಮೊದಲು ಬೆಂಗಳೂರಿಗೆ ಬಂದು, ಬಳಿಕ ತಮಿಳುನಾಡಿಗೆ ಹೋದವರು. 1901ರಿಂದ ಅಲ್ಲಿ ಹೆಣ್ಣುಮಕ್ಕಳನ್ನು ಸಾಕತೊಡಗಿದರು, 1951ರಲ್ಲಿ ತೀರಿಕೊಳ್ಳುವವರೆಗೂ ಊರಿಗೆ ಮರಳಲಿಲ್ಲ. ಎಲ್ಲರಿಗೂ ಅವರ ಹೆಸರು ಗೊತ್ತು. ಆದರೆ ಹಸುಗೂಸುಗಳಿಗೆ ವೈದ್ಯರ ಆರೈಕೆ ಹತ್ತಿರವಿರಲೆಂದು ನೆಯ್ಯೂರಿನ ಆಸ್ಪತ್ರೆಯ ಬಳಿ ತೆರೆದ ಶಿಶುಗೃಹವನ್ನು ಹೊತ್ತು ನಡೆಸಿದವರು ಪೊನ್ನಮ್ಮಾಳ್ ಎಂಬ ತಮಿಳು ಮಹಿಳೆ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಪರರ ಕೂಸುಗಳ ಮಲಮೂತ್ರ ಬಳಿಯುವುದು ಕೀಳು ಕೆಲಸವೆಂದು ಎಣಿಸುತ್ತಿದ್ದ ಕಾಲ ಅದು. ಪೊನ್ನಮ್ಮಾಳ್ 1915ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಕಾರ್ಮೈಕಲ್ ಆಕೆಯ ಜೀವನವನ್ನೇ ಒಂದು ಪುಸ್ತಕವಾಗಿ ಬರೆದರು. ಸ್ಥಳೀಯ ಸಿಬ್ಬಂದಿಯ ಹೆಸರು ದಾಖಲೆಗಳಲ್ಲಿ 'ಒಬ್ಬ ಆಯಾ' ಎಂದಷ್ಟೇ ಉಳಿಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

1914ರ ಯುದ್ಧವನ್ನೂ ಇಲ್ಲಿ ಹೇಳಬೇಕು. ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಗಳಿಗೆ ಸಾಗಿಸಿ, ಆಮೇಲೆ ದೇಶದಿಂದಲೇ ಕಳುಹಿಸಿತು. ಶಾಲೆಗಳನ್ನೂ ಸಭೆಗಳನ್ನೂ ಹಿಡಿದು ನಿಲ್ಲಿಸಿದವರು ಇಲ್ಲಿನ ಉಪದೇಶಿಗಳು, ಪಾದ್ರಿಗಳು, ಅಧ್ಯಾಪಕರು. 2020ರಲ್ಲಿ ಕೊರೋನಾ ಬಂದಾಗಲೂ ಅನೇಕ ದೇಶಗಳಲ್ಲಿ ಮಿಷನರಿಗಳು ಸಿಕ್ಕ ವಿಮಾನ ಹತ್ತಿ ಊರಿಗೆ ಹೋದರು. ಮಕ್ಕಳೊಡನೆ ಗೇಟು ಹಾಕಿಕೊಂಡು ಒಳಗೆ ಉಳಿದವರು ಹೌಸ್ ಮದರ್‌ಗಳು.

ಸೊಲ್ಲಾಪುರದಿಂದ

ಮಾಸ್ತರರ ಮಾತಿಗೆ ಒಂದು ಸೇರಿಸುತ್ತೇನೆ. ಅಧಿಕಾರ ತಿರುವು ಮುರುವಾದ ಉದಾಹರಣೆಯೂ ನಮ್ಮಲ್ಲಿದೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ತಂದೆ ಕಾರ್ಕಳದ ಕಡೆಯ ಮಾಳದವರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಬರಗಾಲದ ಅನಾಥ ಹೆಣ್ಣುಮಕ್ಕಳೂ ವಿಧವೆಯರೂ ನೂರಾರು ಸಂಖ್ಯೆಯಲ್ಲಿದ್ದರು. ಅಮೆರಿಕದ ಮಿಷನರಿ ಮಿನ್ನಿ ಏಬ್ರಮ್ಸ್ ಅಲ್ಲಿಗೆ ಬಂದದ್ದು ಮುಖ್ಯಸ್ಥೆಯಾಗಿ ಅಲ್ಲ, ರಮಾಬಾಯಿಯವರ ಸಹಾಯಕಿಯಾಗಿ. ಉಗ್ರಾಣದ ಬೀಗದ ಕೈ, ಹಣದ ತೀರ್ಮಾನ, ಯಾವ ಮಗುವನ್ನು ಸೇರಿಸಿಕೊಳ್ಳಬೇಕೆಂಬ ನಿರ್ಧಾರ ಇವು ನೆಲದವರ ಕೈಯಲ್ಲಿದ್ದಾಗ ವಿದೇಶೀಯರೊಡನೆ ಸ್ನೇಹ ಕೆಡಲಿಲ್ಲ, ಕೆಲಸವೂ ನಿಲ್ಲಲಿಲ್ಲ. ರಮಾಬಾಯಿಯವರ ಮಗಳು ಮನೋರಮಾ ಕಲಬುರ್ಗಿಯಲ್ಲಿ ಶಾಲೆ ತೆರೆದದ್ದೂ ಇದೇ ಮನೆಯ ಬಲದಿಂದ. ಕೆನ್ಯಾದ ಆ ಮನೆಯಲ್ಲಿ ಆಡಳಿತ ಮಂಡಳಿಯಲ್ಲಿ ಕೆನ್ಯಾದವರು ಎಷ್ಟು ಜನ ಇದ್ದಾರೆ, ಮುಖ್ಯಸ್ಥರು ಯಾರು ಎಂದು ತಂಗಿಯವರು ಕೇಳಿ ತಿಳಿಯಲಿ.

ಎಣ್ಮಕಜೆಯಿಂದ

ನಾನು ಕೆನ್ಯಾ ಕಂಡವನಲ್ಲ. ಆದರೆ ಹೊರಗಿನವರು ಕ್ಯಾಮರಾ ಹಿಡಿದು ಬಂದಾಗ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳ ಫಲವನ್ನು ನಮ್ಮ ಪಡ್ರೆಯ ಮನೆಮನೆಗಳಲ್ಲಿ ಉಂಡಿದ್ದೇವೆ. ಸಿಂಪಡಣೆ 2000ದ ಕೊನೆಗೆ ನಿಂತಿತು. ಆಮೇಲೆ ಬಂದವರಲ್ಲಿ ನೆರವಾದವರು ಅನೇಕರು. ನಮ್ಮ ಮಕ್ಕಳ ತಲೆ, ಕೈಕಾಲುಗಳ ಚಿತ್ರ ಮಾತ್ರ ತೆಗೆದುಕೊಂಡು ಹೋದವರೂ ಇದ್ದರು. ಆ ಮಕ್ಕಳನ್ನು ದಿನವೂ ಎತ್ತಿ, ಸ್ನಾನ ಮಾಡಿಸಿ, ಊಟ ಮಾಡಿಸುವ ತಾಯಂದಿರೂ ಭಿನ್ನಸಾಮರ್ಥ್ಯದ ಮಕ್ಕಳ ಬಡ್ಸ್ ಶಾಲೆಯ ಟೀಚರುಗಳೂ ಆಯಾಗಳೂ ಚಿತ್ರದ ಹೊರಗೆ ನಿಂತಿದ್ದರು.

ಮಕ್ಕಳ ಮನೆಗಳಿಂದ ದಾನಿಗಳಿಗೆ ಹೋಗುವ ಪತ್ರಗಳಲ್ಲಿ ಇದೇ ನಡೆಯುತ್ತದೆ. ಮಗುವನ್ನು ಎತ್ತಿಕೊಂಡ ಮಿಷನರಿಯ ಚಿತ್ರ ಮುಂದೆ, ರಾತ್ರಿಯಿಡೀ ಎತ್ತಿಕೊಂಡಿದ್ದವಳ ಹೆಸರೂ ಇಲ್ಲ. ಸಿಬ್ಬಂದಿಯ ಮನಸ್ಸಿನಲ್ಲಿ ಇದು ಮುಳ್ಳಾಗಿ ಉಳಿಯುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ತಂಗಿಯವರು ಊರಿಗೆ ಬರೆಯುವ ಪ್ರತಿ ಪತ್ರವನ್ನೂ ಕಳುಹಿಸುವ ಮೊದಲು ಅಲ್ಲಿನ ಸಹೋದ್ಯೋಗಿಗಳಿಗೆ ಓದಿ ಹೇಳಲಿ. ಅವರ ಎದುರು ಓದಲು ಮುಜುಗರವಾಗುವ ಸಾಲು ಇದ್ದರೆ ಅದನ್ನು ಬರೆಯಬಾರದು.

ಕಾಞಂಗಾಡಿನ ಸಮಾಜಕಾರ್ಯಕರ್ತೆ

ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ಒಂದು ಗಂಭೀರ ವಿಷಯವನ್ನು ಇಲ್ಲಿ ಇಡಲೇಬೇಕು. ಮಕ್ಕಳ ಮನೆಗಳ ಕಾಲವೇ ಈಗ ಬದಲಾಗುತ್ತಿದೆ. ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಪರ್ಯಾಯ ಆರೈಕೆಯ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು: ಬಡತನವೊಂದೇ ಕಾರಣವಾಗಿ ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದು ಎನ್ನುತ್ತದೆ ಅದು. ಜಗತ್ತಿನ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಕೆನ್ಯಾ 2017ರಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನು ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಸೇರಿಸುವ ಅಲ್ಲಿನ ರಾಷ್ಟ್ರೀಯ ಕಾರ್ಯತಂತ್ರದ ಅವಧಿ 2022ರಿಂದ 2032. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎಂಬ ತತ್ವವನ್ನೇ ಹಿಡಿದಿದೆ.

ಇದಕ್ಕೂ ಸ್ನೇಹಕ್ಕೂ ಏನು ಸಂಬಂಧ ಎಂದು ಕೇಳಬಹುದು. ಎರಡು ಬಗೆಯ ಸಂಬಂಧವಿದೆ.

ಮೊದಲನೆಯದು ಮಕ್ಕಳದ್ದು. ರುಮೇನಿಯಾದ ಬುಖಾರೆಸ್ಟಿನಲ್ಲಿ 136 ಸಣ್ಣ ಮಕ್ಕಳನ್ನು ಅನೇಕ ವರ್ಷ ಗಮನಿಸಿದ ಅಧ್ಯಯನವೊಂದಿದೆ. ಸಂಸ್ಥೆಯಲ್ಲೇ ಬೆಳೆದವರಿಗಿಂತ, ಬೇಗನೆ ಸಾಕುಕುಟುಂಬ ಸೇರಿದ ಮಕ್ಕಳ ಬುದ್ಧಿ, ಭಾವನೆಗಳ ಬೆಳವಣಿಗೆ ಮೇಲಾಗಿತ್ತೆಂದು ಅದು ತೋರಿಸಿತು. ಎಳೆಯ ಮಗುವಿಗೆ ಬೇಕಾದದ್ದು ಬದಲಾಗದ ಒಂದೆರಡು ಮುಖಗಳು. ಎರಡು ವರ್ಷಕ್ಕೆಂದು ಬಂದ ಮಿಷನರಿ ಆ ಮುಖವಾಗಲಾರಳು, ಊರಿನ ಹೌಸ್ ಮದರ್ ಆಗಬಲ್ಲಳು. ಆದ್ದರಿಂದ ತಂಗಿಯವರು ಮಗುವನ್ನು ತಮ್ಮ ಕಡೆಗೆ ಸೆಳೆದುಕೊಳ್ಳದೆ, ಆ ತಾಯಿಗೆ ಬಲವಾಗಿ ನಿಲ್ಲುವುದೇ ಮಗುವಿಗೂ ಸ್ನೇಹಕ್ಕೂ ಹಿತ. ಮಿಠಾಯಿ ಹಂಚುವುದು, ಹೊರಗೆ ಸುತ್ತಾಡಿಸುವುದು ಮಿಷನರಿಯ ಪಾಲಾಗಿ, ಬೈಯುವುದು, ಬಟ್ಟೆ ಒಗೆಸುವುದು ಹೌಸ್ ಮದರಿನ ಪಾಲಾದರೆ ಇಬ್ಬರ ನಡುವೆ ಬಿರುಕು ಬಿಡುತ್ತದೆ.

ಎರಡನೆಯದು ಸಿಬ್ಬಂದಿಯದ್ದು. ಮಕ್ಕಳು ಮನೆಗಳಿಗೆ ಮರಳಿದರೆ ಇವರ ಕೆಲಸ ಏನಾಗಬೇಕು? ಮುಚ್ಚುವ ಸುದ್ದಿ ಮಿಷನರಿಗಳಿಗೂ ದಾನಿಗಳಿಗೂ ಮೊದಲು ತಿಳಿದು, ಅಡುಗೆಯವರಿಗೆ ಕೊನೆಯ ತಿಂಗಳಲ್ಲಿ ತಿಳಿದರೆ ಅಲ್ಲಿಯವರೆಗಿನ ಸ್ನೇಹಕ್ಕೆ ಅರ್ಥವಿಲ್ಲ. ಯಾವ ಮಗುವಿನ ಅಜ್ಜಿ ಯಾವ ಹಳ್ಳಿಯಲ್ಲಿದ್ದಾಳೆ, ಯಾವ ಚಿಕ್ಕಪ್ಪ ನಂಬಿಕಸ್ಥ, ಯಾವ ಮನೆಗೆ ಕಳುಹಿಸಬಾರದು ಎಂಬುದು ಅವರಿಗೇ ಚೆನ್ನಾಗಿ ತಿಳಿದಿರುತ್ತದೆ. ಕುಟುಂಬ ಹುಡುಕುವ, ಮರಳಿದ ಮಕ್ಕಳನ್ನು ಭೇಟಿ ಮಾಡುವ, ಸಾಕುತಾಯಂದಿರಿಗೆ ತರಬೇತಿ ಕೊಡುವ ಕೆಲಸಕ್ಕೆ ಅವರನ್ನು ಸಜ್ಜುಗೊಳಿಸಲು ಈಗಲೇ ಹಣ ಮೀಸಲಿಡಬೇಕು. ತಂಗಿಯವರು ಹೋಗುವ ಸಂಸ್ಥೆಗೆ ಅಂಥ ಯೋಜನೆ ಇದೆಯೇ? ಇಲ್ಲದಿದ್ದರೆ ಹೋಗುವ ವಿಷಯವನ್ನೇ ಮತ್ತೊಮ್ಮೆ ಯೋಚಿಸಬೇಕೆಂದು ನಾನು ಪ್ರಾಮಾಣಿಕವಾಗಿ ಹೇಳುತ್ತೇನೆ.

ಮಂಜೇಶ್ವರದ ಅಧ್ಯಾಪಿಕೆ

ಕಾಞಂಗಾಡಿನವರ ಮಾತು ಓದಿ ತಂಗಿ ನಿನ್ನೆಯೇ ಆ ಸಂಸ್ಥೆಗೆ ಬರೆದಳು. ಇಂದು ಉತ್ತರ ಬಂದಿದೆ: ಮಕ್ಕಳಲ್ಲಿ ಕೆಲವರು ಈಗಾಗಲೇ ಬಂಧುಗಳ ಮನೆ ಸೇರಿದ್ದಾರೆ, ಹೌಸ್ ಮದರ್‌ಗಳಲ್ಲಿ ಇಬ್ಬರು ಕುಟುಂಬ ಭೇಟಿಯ ತರಬೇತಿಯಲ್ಲಿದ್ದಾರೆ, ಭಿನ್ನಸಾಮರ್ಥ್ಯದ ಮಕ್ಕಳನ್ನು ಮನೆಗಳಲ್ಲೇ ನೋಡಿಕೊಳ್ಳುವುದನ್ನು ಕಲಿಸಲೆಂದೇ ಅವಳನ್ನು ಕರೆದಿದ್ದಾರೆ. ಮುಖ್ಯಸ್ಥರು ಅದೇ ಊರಿನ ಮಹಿಳೆಯಂತೆ. ನೇಮಕದ ಪತ್ರ, ಪ್ರಾರ್ಥನೆಯ ನಿಯಮಗಳ ಬಗ್ಗೆ ಉತ್ತರ ಬರಬೇಕಾಗಿದೆ.

ಉಳಿದದ್ದು ಹಣದ ವಿಷಯ. ಸಾಲ ಕೊಡಬಾರದೆಂಬ ಸೂಚನೆಯ ಬಗ್ಗೆ ನರ್ಸ್ ಅವರು ಏನು ಹೇಳುತ್ತಾರೆ?

ಬದಿಯಡ್ಕದ ನಿವೃತ್ತ ನರ್ಸ್

ಇದು ಹೆಚ್ಚು ಜನ ಎಡವುವ ಜಾಗ. ಅಲ್ಲಿ ಯಾರ ಮನೆಯಲ್ಲಾದರೂ ಸಾವು, ಆಸ್ಪತ್ರೆಯ ದೊಡ್ಡ ಬಿಲ್ಲು, ಮಗುವಿನ ಕಾಲೇಜು ಶುಲ್ಕ ಬಂದರೆ ಹರಾಂಬೇ ಸೇರುತ್ತದೆ. ಬಂಧುಗಳು, ನೆರೆಯವರು, ಜೊತೆ ಕೆಲಸ ಮಾಡುವವರು ಎಲ್ಲರೂ ಕೈಲಾದಷ್ಟು ಹಾಕುತ್ತಾರೆ. ಹೆಂಗಸರು ಚಾಮಾ ಎಂಬ ಗುಂಪು ಕಟ್ಟಿಕೊಂಡು ತಿಂಗಳು ತಿಂಗಳು ಹಣ ಕೂಡಿಸಿ ಸರದಿಯಂತೆ ಎತ್ತುತ್ತಾರೆ. ಹೊಸದಾಗಿ ಬಂದ ಮಿಷನರಿಗೆ ಹರಾಂಬೇಯ ಚೀಟಿ ಕೈಗೆ ಬಂದಾಗ, ನನ್ನಲ್ಲಿ ಹಣವಿದೆಯೆಂದು ಕೇಳುತ್ತಿದ್ದಾರೆ ಎಂದು ಮನಸ್ಸು ಮುದುಡುತ್ತದೆ. ನಮ್ಮ ಮದುವೆ ಮನೆಗಳ ಮುಯ್ಯಿಯಂತೆ ಅದು: ಕೊಟ್ಟವರ ಹೆಸರು ಬರೆದಿಡುತ್ತಾರೆ, ಅವರ ಮನೆಯ ಕಷ್ಟಕ್ಕೆ ತಾವೂ ಹೋಗುತ್ತಾರೆ. ನಿಮ್ಮನ್ನು ಕೇಳಿದರೆಂದರೆ ನಿಮ್ಮನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡರು ಎಂದರ್ಥ.

ಹಾಗೆಂದು ಕೇಳಿದಷ್ಟೂ ಕೊಡಬೇಕಾಗಿಲ್ಲ. ಇತರ ಸಿಬ್ಬಂದಿ ಎಷ್ಟು ಹಾಕುತ್ತಾರೋ ಅದಕ್ಕಿಂತ ಸ್ವಲ್ಪ ಹೆಚ್ಚು ಹಾಕಲಿ, ಹತ್ತು ಪಟ್ಟು ಹಾಕಬಾರದು. ಹತ್ತು ಪಟ್ಟು ಹಾಕಿದವಳು ಗೆಳತಿಯಾಗಿ ಉಳಿಯುವುದಿಲ್ಲ, ದಾನಿಯಾಗುತ್ತಾಳೆ, ಆಮೇಲೆ ಎಲ್ಲರೂ ಅವಳ ಬಾಗಿಲಿಗೇ ಬರುತ್ತಾರೆ. ದೊಡ್ಡ ಮೊತ್ತದ ತುರ್ತಿಗೆ ಸಂಸ್ಥೆಯೇ ಸಿಬ್ಬಂದಿ ಸಾಲನಿಧಿ ಇಡುವುದು ಉತ್ತಮ. ನಮ್ಮಲ್ಲಿ ಅದನ್ನು ಸಿಬ್ಬಂದಿಯೇ ಆರಿಸಿದ ಮೂವರು ನಡೆಸುತ್ತಿದ್ದರು, ಯಾರಿಗೆ ಕೊಡಬೇಕೆಂಬ ತೀರ್ಮಾನದಲ್ಲಿ ಮಿಷನರಿಗಳ ಕೈ ಇರಲಿಲ್ಲ. ಇನ್ನು, ಕೊಡುವುದಷ್ಟೇ ಸಾಲದು, ಪಡೆಯಲೂ ಬೇಕು. ನನ್ನ ತಂದೆ ಇಲ್ಲಿ ತೀರಿಕೊಂಡ ಸುದ್ದಿ ಬಂದಾಗ ಅವರೆಲ್ಲ ಹಣ ಕೂಡಿಸಿ ತಂದುಕೊಟ್ಟರು. ಅವರ ಸಂಬಳ ನನಗೆ ಗೊತ್ತಿತ್ತು, ಕೈ ಹಿಂದೆಗೆಯಿತು. ಆ ಹಿರಿಯ ಹೌಸ್ ಮದರ್ ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದರು. ನಾನು ತೆಗೆದುಕೊಂಡೆ.

ಆದೂರಿನ ಓದುಗ

ನನ್ನ ಪ್ರಶ್ನೆಗೆ ನೇಮಕದ ಪತ್ರದ ಉತ್ತರ ಸಿಕ್ಕಿತ್ತು. ಈ ಕೊನೆಯ ಮಾತಿನಲ್ಲಿ ಇನ್ನೊಂದು ಸಿಕ್ಕಿತು. ಧನ್ಯವಾದಗಳು ಅಕ್ಕ.

ಮಂಜೇಶ್ವರದ ಅಧ್ಯಾಪಿಕೆ

ಒಂದೇ ಒಂದು ಉಳಿಯಿತು. ಎರಡು ವರ್ಷ ಮುಗಿಸಿ ಮರಳುವಾಗ ಹೇಗೆ ಹೊರಡಬೇಕು? ಹೊಸೂರಿನವರು ಹೇಳಿದರೆ ಒಳ್ಳೆಯದು.

ಹೊಸೂರಿನಿಂದ

ಹೊರಡುವ ತಾರೀಖನ್ನು ದಾನಿಗಳಿಗಿಂತ, ತಮ್ಮ ಸಭೆಗಿಂತ ಮೊದಲು ಜೊತೆಗೆ ಕೆಲಸ ಮಾಡುವವರಿಗೆ ಹೇಳಲಿ. ಮಕ್ಕಳಿಗೆ ಯಾವಾಗ, ಯಾರು, ಯಾವ ಮಾತಿನಲ್ಲಿ ಹೇಳಬೇಕೆಂದು ಹೌಸ್ ಮದರ್‌ಗಳು ನಿರ್ಧರಿಸಲಿ, ಏಕೆಂದರೆ ಆ ರಾತ್ರಿಯ ಅಳುವನ್ನು ಸಂಭಾಳಿಸಬೇಕಾದವರು ಅವರೇ. ಬಾಯಿಮಾತಿನಲ್ಲಿ ಯಾವ ಭರವಸೆಯನ್ನೂ ಕೊಡಬಾರದು. ಕೊಡುವುದಿದ್ದರೆ ಸಂಸ್ಥೆಯ ಕಾಗದದಲ್ಲಿ, ಮುಖ್ಯಸ್ಥರ ಸಹಿಯೊಡನೆ, ಒಂದು ಪ್ರತಿ ಆ ಸಿಬ್ಬಂದಿಯ ಕೈಗೆ. ಕಲಿಸಿದ ಕೆಲಸವನ್ನು ಯಾರು ಮುಂದುವರಿಸುತ್ತಾರೋ ಅವರು ಕೊನೆಯ ಕೆಲವು ತಿಂಗಳು ಮುಂದೆ ನಿಂತು ನಡೆಸಲಿ, ತಂಗಿ ಹಿಂದೆ ನಿಲ್ಲಲಿ. ಊರಿಗೆ ಬಂದ ಮೇಲೆ ಪತ್ರ ಬರೆಯುವುದಾದರೆ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಲಿ, ಮಕ್ಕಳ ಸುದ್ದಿ ಕೇಳುವ ಮೊದಲು ಅವರ ಮನೆಯ ಸುದ್ದಿ ಕೇಳಲಿ. ಅಮ್ಮನಿಗೆ ಬಂದ ಕಾಗದಗಳಲ್ಲಿ ಮೊದಲ ಸಾಲು ಯಾವಾಗಲೂ ನಮ್ಮ ಅಜ್ಜಿಯ ಮಂಡಿನೋವಿನ ವಿಚಾರವೇ ಆಗಿರುತ್ತಿತ್ತು.